ತೂಬಿನ ಕೋಳಿ

ನಾನು ಓದು ನಿಲ್ಲಿಸಿದ್ದು ೧೯೩೧ರಲ್ಲಿ, ಮೂರನೆಯ ಕ್ಲಾಸಿನ ಪುಸ್ತಕ ಇನ್ನೂ ಅರ್ಧ ಉಳಿದಿರುವಾಗ. ತಡವಾಗಿ ಶಾಲೆ ಸೇರಿದ್ದ ನನಗೆ ಆಗಲೇ ಮೀಸೆ ಚಿಗುರಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ತಪ್ಪು ಕಂಡರೆ ಓದದೆ ಬಿಟ್ಟ ಆ ಅರ್ಧದ ಮೇಲೆ ಹಾಕಿ. ಸೋಮಾರಿತನದ ಮೇಲೆ ಮಾತ್ರ ಹಾಕಬೇಡಿ. ಆ ಮಾತನ್ನು ಈ ವಯಸ್ಸಿನಲ್ಲೂ ನಾನು ಸಹಿಸುವವನಲ್ಲ.

ಇವತ್ತು ಬೆಳಿಗ್ಗೆ ಎದುರುಮನೆಯವರು ಹೊಲಕ್ಕೆ ಹೊಡೆಯಲೆಂದು ಒಂದು ಗಾಡಿ ಕೆರೆಯ ಗೋಡು ತಂದು ಬೀದಿಯಲ್ಲೇ ಸುರಿದರು. ಆ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಒಂದಿಷ್ಟು ಮೀನು, ಒಂದಿಷ್ಟು ಕೊಳೆತ ತಾವರೆಬೇರು, ಬಿಸಿಲನ್ನೇ ಕಾಣದ ಕರಿಮಣ್ಣು. ಜಗಲಿಯ ಮೇಲೆ ಕೂತಿದ್ದ ನಾನು ಗೊತ್ತಿಲ್ಲದೆ ಉಸಿರು ಕಟ್ಟಿಬಿಟ್ಟೆ. ಮೈಗೆ ಇನ್ನೂ ನೆನಪಿದೆ, ನೋಡಿ.

ನಾನು ಕೆರೆಯ ನೀರುಗಂಟಿ, ಗದ್ದೆಗಳಿಗೆ ನೀರು ಬಿಡುವವನು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಪಕ್ಕದ ಊರು ನಮ್ಮದು. ಮಂಡ್ಯದ ಕಡೆ ಆಗಲೇ ನಾಲೆ ಬಂದಿತ್ತು. ಅಲ್ಲಿಯವರು ಕಬ್ಬಿಣದ ಚಕ್ರ ತಿರುಗಿಸಿದರೆ ನೀರು ಹರಿಯುತ್ತದೆ ಎಂದು ಕೇಳಿ ನಾನು ನಕ್ಕಿದ್ದೆ. ಅದೂ ಒಂದು ಕೆಲಸವೇ? ನಮ್ಮ ಕೆರೆಯ ತೂಬಿನಲ್ಲಿ ನೀರೊಳಗೆ ಎರಡು ಕಲ್ಲುಕಂಬ, ಅವುಗಳ ಬುಡದ ಚಪ್ಪಡಿಯಲ್ಲಿ ಒಂದು ಕಂಡಿ, ಕಂಡಿಗೆ ಮರದ ಬೆಣೆ. ವರ್ಷಕ್ಕೊಮ್ಮೆ ಮೊದಲ ನೀರು ಬಿಡುವಾಗ ಬೆಣೆ ಗೋಡಿನಲ್ಲಿ ಕಚ್ಚಿಕೊಂಡಿರುತ್ತದೆ. ಒಬ್ಬ ಮುಳುಗಿ ಹೋಗಿ ಅದನ್ನು ಅಲುಗಿಸಬೇಕು. ಬೆಣೆ ಬಿಟ್ಟ ಗಳಿಗೆಯಲ್ಲೇ ಪಕ್ಕಕ್ಕೆ ಸರಿಯಬೇಕು, ಇಲ್ಲದಿದ್ದರೆ ನೀರಿನ ಸೆಳೆತ ಕಂಡಿಯೊಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮಪ್ಪ ಸರಿಯಲಿಲ್ಲ. ನನ್ನ ಓದು ನಿಂತದ್ದು, ಅವನ ಕೆಲಸ ನನ್ನ ಪಾಲಿಗೆ ಬಂದದ್ದು ಆ ದಿನ.

ತೂಬಿನಲ್ಲಿ ಸತ್ತವನು ತೂಬಿನಲ್ಲೇ ಇರುತ್ತಾನೆ, ಜೊತೆಗೊಬ್ಬನಿಗಾಗಿ ಕಾಯುತ್ತಾನೆ ಎನ್ನುವುದು ಊರಿನ ಮಾತು. ಅದಕ್ಕೇ ಇಳಿಯುವ ಮುಂಚೆ ಕಂಬದ ಮೇಲೆ ಒಂದು ಹುಂಜ ಕುಯ್ದು ನೀರಿಗೆ ಬಿಡಬೇಕು. ಅದು ಅವನ ಪಾಲು. ಹೆತ್ತ ಅಪ್ಪನಿಗೆ ಹೆದರಿಕೊಂಡು ಬದುಕುವುದು ಎಂಥದ್ದು ಎಂದು ಹೇಗೆ ತಿಳಿಸಲಿ? ಭುಜದ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದವನು ಅವನು. ಆದರೂ ನೀರಿಗೆ ಇಳಿದಾಗಲೆಲ್ಲ ಅವನು ನನ್ನ ಕಾಲು ಹಿಡಿಯುತ್ತಾನೆ ಎಂದೇ ಕಣ್ಣು ಮುಚ್ಚಿ ಒದೆಯುತ್ತಿದ್ದೆ. ಮೇಲೆ ಬಂದು ಮೀಸೆ ಒರೆಸಿಕೊಳ್ಳುತ್ತಿದ್ದೆ. ಊರವರು ಭಲೇ ಅನ್ನುತ್ತಿದ್ದರು.

ಐದು ವರ್ಷ ಹೀಗೆ ಕಳೆದ ಮೇಲೆ ಸಾಕಮ್ಮನನ್ನು ಮದುವೆಯಾದೆ. ಗುರುವಾರ ಗುರುವಾರ ನಮ್ಮ ಕೇರಿಗೆ ಎತ್ತಿನ ಗಾಡಿಯಲ್ಲಿ ಒಬ್ಬ ಬೈಬಲ್ ಅಮ್ಮ ಬರುತ್ತಿದ್ದರು. ಹುಣಸೆಮರದ ಕೆಳಗೆ ಚಾಪೆ ಹಾಕಿ ಹೆಂಗಸರಿಗೆ ಓದಿ ಹೇಳುವುದು, ಹಾಡಿಸುವುದು. ಸಾಕಮ್ಮ ಮೊದಲು ಹೋದದ್ದು ಹಾಡಿಗೆ, ಆಮೇಲೆ ಮಾತಿಗೆ. ಮರುವರ್ಷ ನಾವಿಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡೆವು. ಉಪದೇಶಿಗಳು ತಲೆಗೆ ಮೂರು ಸಲ ನೀರು ಚಿಮುಕಿಸಿದರು. ಎರಡಾಳು ನೀರಿನಲ್ಲಿ ಉಸಿರು ಕಟ್ಟುವ ನನಗೆ, ಇಷ್ಟೇನಾ, ಅನ್ನಿಸಿತು. ಅದು ನನ್ನ ಜಂಬ.

ಜಂಬದ ಕೆಳಗೆ ಏನಿತ್ತು ಅನ್ನುವುದು ಆ ವರ್ಷದ ಮೊದಲ ನೀರಿಗೆ ಗೊತ್ತಾಯಿತು. ಭಾನುವಾರ ಆರಾಧನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ ನಾನು, ಸೋಮವಾರ ನಸುಕಿನಲ್ಲಿ ಹುಂಜವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಏರಿ ಹತ್ತಿದ್ದೆ. ಜನ ಸೇರುವ ಮುಂಚೆಯೇ ಅದನ್ನು ಕುಯ್ದು ನೀರಿಗೆ ಬಿಟ್ಟು ಮನೆಗೆ ಬಂದಾಗ ಸಾಕಮ್ಮ ಕೋಳಿಕುಕ್ಕೆಯ ಮುಂದೆ ಕೂತಿದ್ದಳು.

"ಕೆಂಪು ಹುಂಜ ಎಲ್ಲಿ?"

"ನರಿ ಕಚ್ಕೊಂಡೋಗಿರ್ಬೇಕು."

"ನರಿ ಕೈಮೇಲೆ ರಕ್ತ ಅದೆ."

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು, ತಿರುಗಿ ಬಯ್ಯುವುದು ನನಗೆ ಬರುತ್ತದೆ.

"ಕೋಳಿ ಓದ್ರೆ ಓಗ್ಲಿ ಬುಡು. ಒಂದ್ ಮಾತು ಕೇಳ್ತೀನಿ, ಯೋಳು. ಯೇಸಪ್ಪ ಸತ್ತಿದ್ದು ಸಾಲ್ದು ಅಂತ ಕೋಳೀನೂ ಸಾಯ್ಸಿದ್ಯಾ?"

ಆ ಪ್ರಶ್ನೆ ವರ್ಷವಿಡೀ ನನ್ನ ಜೊತೆ ಗದ್ದೆ ಬಯಲು ತಿರುಗಿತು. ಕಾಲುವೆಗೆ ಮಣ್ಣಿನ ಮಡೆ ಕಟ್ಟುವಾಗ, ಮುದ್ದೆ ಮುರಿಯುವಾಗ, ಅದೇ. ಬೈಬಲ್ ಅಮ್ಮ ರಕ್ಷಣೆಯ ನಿಶ್ಚಯ, ನಂಬಿದವನು ಸತ್ತರೂ ಯೇಸಪ್ಪನ ಹತ್ತಿರವೇ ಇರುತ್ತಾನೆ, ಎಂದು ಏನೇನೋ ಹೇಳಿದ್ದರು, ನಾನು ತಲೆಯಾಡಿಸಿದ್ದೆ. ನನಗೆ ಇದ್ದದ್ದು ಒಂದೇ ಲೆಕ್ಕ: ಸತ್ತರೆ ನಾನೂ ಆ ಕಂಡಿಯಲ್ಲೇ ಕೂತು ಇನ್ನೊಬ್ಬನಿಗಾಗಿ ಕಾಯಬೇಕು.

ಮುಂದಿನ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ತೂಬೆತ್ತುವ ದಿನ ಏರಿಯ ತುಂಬ ಜನ. ನಾನು ಬರಿಗೈಯಲ್ಲಿ ಬಂದದ್ದು ಕಂಡು ಪಟೇಲರು ಕೇಳಿದರು: "ಕೋಳಿ ಎಲ್ಲಿ ಲಾ?"

"ಇಲ್ಲ ಬುದ್ದಿ."

"ಇಲ್ಲ ಅಂದ್ರೆ? ನಿಮ್ಮಪ್ಪ ಒಟ್ಟೆ ಅಸ್ಕೊಂಡು ಕೂತವ್ನೆ ಕಣ್ಲಾ. ನೀನು ಸತ್ತೋದ್ರೆ ನಮ್ ಬತ್ತಕ್ಕೆ ನೀರ್ ಬುಡೋರ್ಯಾರು?"

"ಅವ್ನ ದೇವ್ರು ಪರಂಗಿ ದೇವ್ರು ಕಣಣ್ಣೋ, ಕೋಳಿ ಮುಟ್ಟಕ್ಕಿಲ್ಲ, ಬ್ರೆಡ್ಡೇ ಆಗ್ಬೇಕು," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ನನಗೂ ನಗು ಬರಬೇಕಿತ್ತು, ಬರಲಿಲ್ಲ. ಮನೆಗೆ ಓಡಿ ಒಂದು ಹುಂಜ ಹಿಡಿದು ತರಲು ಎಷ್ಟು ಹೊತ್ತು ಬೇಕು ಎಂದು ಆಗಲೂ ಅಳೆಯುತ್ತಿದ್ದೆ.

ಆಗ ಹೆಂಗಸರ ಗುಂಪಿನಿಂದ ಸಾಕಮ್ಮ ಮುಂದೆ ಬಂದು, ಸೆರಗು ತಲೆಗೆ ಹೊದ್ದು, ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದಳು. ನನ್ನ ಹೆಸರು ಹಿಡಿದು. "ಇಳೀತಾವ್ನೆ ಸ್ವಾಮಿ, ಕೈ ಬುಡ್ಬ್ಯಾಡ" ಎಂದಳು.

"ಅಯ್ಯಯ್ಯೋ, ಗಂಡನ ಎಸ್ರು ಯೋಳ್ಬುಟ್ಲಲ್ಲೇ!" ಎಂದು ಒಬ್ಬ ಮುದುಕಿ ಬಾಯಿಗೆ ಕೈ ಇಟ್ಟುಕೊಂಡಳು.

"ದೇವ್ರಿಗೆ ಗುರ್ತು ಸಿಗಬ್ಯಾಡ್ವಾ ಅಜ್ಜಿ? ಈ ಕೇರೀಲಿ 'ನಮ್ಮನೆಯೋರು' ಅಂದ್ರೆ ಎಷ್ಟ್ ಜನ ಅವ್ರೆ!"

ಇನ್ನು ನಿಂತರೆ ಮಾನ ಉಳಿಯುವುದಿಲ್ಲವೆಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆ. ಭಕ್ತಿಯಿಂದ ಇಳಿದೆ ಎಂದು ಬರೆದರೆ ಸುಳ್ಳಾದೀತು.

ನೀರೊಳಗೆ ಮೊದಲು ಬರುವುದು ಕಿವಿನೋವು. ಕತ್ತಲೆ ಆಮೇಲೆ. ಕಂಬ ಹಿಡಿದು ಬುಡಕ್ಕೆ ಹೋದೆ, ಗೋಡು ಬಗೆದೆ, ಬೆಣೆ ಸಿಕ್ಕಿತು. ಅಷ್ಟರಲ್ಲಿ ಕಾಲಿಗೆ ಏನೋ ಸುತ್ತಿಕೊಂಡಿತು, ಪ್ರತಿವರ್ಷದ ಹಾಗೆ. ಒದೆಯಲು ಹೋದವನಿಗೆ ಅವಳ ಪ್ರಶ್ನೆ ನೆನಪಾಯಿತು. ಸಾಲದು ಅಂತಲಾ? ಸಾಕು, ಎಂದುಕೊಂಡೆ. ಯೇಸಪ್ಪ ಸತ್ತದ್ದು ನನಗೆ ಸಾಕು. ಇಲ್ಲೇ ಉಸಿರು ಹೋದರೂ ನಾನು ಇಲ್ಲಿರುವುದಿಲ್ಲ. ನನ್ನನ್ನು ಕರೆದುಕೊಂಡು ಹೋಗುವವನು ಬೇರೆ ಇದ್ದಾನೆ. ಇಷ್ಟನ್ನು ಬರೆಯಲು ಇಷ್ಟು ಹೊತ್ತಾಯಿತು. ಅಲ್ಲಿ ಒಂದು ಗಳಿಗೆಯೂ ಆಗಲಿಲ್ಲ. ಎದೆಯ ಹೊಡೆತ ತಾನಾಗಿ ಇಳಿಯಿತು. ಮೊದಲ ಸಲ ನಾನು ಕೈ ಚಾಚಿ ಅದನ್ನು ಮುಟ್ಟಿ ನೋಡಿದೆ. ತಾವರೆಯ ದಂಟು. ಬಿಡಿಸಿ ಪಕ್ಕಕ್ಕೆ ಇಟ್ಟೆ. ಬೆಣೆ ಅಲುಗಿಸಿ, ಸರಿದು, ಹಗ್ಗ ಜಗ್ಗಿದೆ.

ಮೇಲೆ ಜನ ಕೂಗುತ್ತಿದ್ದರು, ಕಾಲುವೆಯಲ್ಲಿ ನೀರು ಸದ್ದು ಮಾಡುತ್ತಿತ್ತು. ನಾನು ಏರಿಯ ಕಲ್ಲಿನ ಮೇಲೆ ಕೂತು ಅಳುತ್ತಿದ್ದೆ. ಮೀಸೆ ಒರೆಸಿಕೊಳ್ಳುವುದೇ ಮರೆತಿತ್ತು.

"ಯಾಕೆ, ಏಟ್ ಬಿತ್ತಾ?" ಎಂದಳು ಸಾಕಮ್ಮ.

"ಅಪ್ಪ ಅಲ್ಲಿಲ್ಲ ಕಣೇ."

ಹೆದರಿಕೆ ಹೋದದ್ದು ನಿಜ. ಆದರೆ ಏಳು ವರ್ಷ ನಾನು ಹೆದರುತ್ತಲೇ ಅಪ್ಪನನ್ನು ಹತ್ತಿರ ಇಟ್ಟುಕೊಂಡಿದ್ದೆ. ವರ್ಷಕ್ಕೊಮ್ಮೆ ಅವನಿರುವ ಕಡೆಗೆ ಹೋಗಿ ಬರುತ್ತಿದ್ದೆ. ಆ ದಿನ ಅವನು ನನ್ನ ಪಾಲಿಗೆ ಎರಡನೆಯ ಸಲ ಸತ್ತ. ಅವಳಿಗೆ ಅದು ಅರ್ಥವಾಯಿತೆಂದು ಕಾಣುತ್ತದೆ. ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತ, "ಮಾವ ಎಲ್ಲವ್ರೋ ನಂಗೊತ್ತಿಲ್ಲ. ಅದು ದೇವ್ರ ಕೆಲ್ಸ. ಕೆಸ್ರಲ್ಲಿ ಕೂತಿಲ್ಲ ಅನ್ನೋದು ಗೊತ್ತಾಯ್ತಲ್ಲ, ಅಷ್ಟು ಸಾಕು. ಈಗ ಅಳು," ಎಂದಳು. ಅಳಬೇಡ ಎನ್ನಲಿಲ್ಲ.

ಆಮೇಲೆ ಎಷ್ಟೋ ಸಲ ಇಳಿದೆ, ಕೋಳಿ ಇಲ್ಲದೆ. ಆಮೇಲೆ ನಮ್ಮ ತೂಬಿಗೂ ಕಬ್ಬಿಣದ ಚಕ್ರ ಬಂತು. ಸಾಕಮ್ಮ ಚಳಿಜ್ವರದಲ್ಲಿ ಹೋದಳು. ಕೊನೆಯ ದಿನ ನಾನೇ ಅವಳ ಕೈ ಹಿಡಿದು, ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡಿದೆ. ಅವಳು ಹೆದರಲಿಲ್ಲ, ನಾನೂ ಹೆದರಲಿಲ್ಲ. ಹೆದರದವನಿಗೆ ಅಳು ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬೀದಿಯ ಗೋಡು ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಬಿರುಕು ಬಿಟ್ಟಿತು, ವಾಸನೆಯೂ ಹೋಯಿತು. ಎದ್ದು ಹೋಗಿ ಒಂದು ಹಿಡಿ ತೆಗೆದುಕೊಂಡೆ, ಮೂಸಿದೆ, ಮತ್ತೆ ಹಾಕಿದೆ. ಅವಳನ್ನು ನೋಡುತ್ತೇನೆ ಎನ್ನುವುದು ಗೊತ್ತಿದೆ. ಗೊತ್ತಿದ್ದೂ ಕಾಯುವುದು ಕಷ್ಟ.

ಈಗ ನನಗಿರುವುದು: ಹೆಂಚಿನ ಎರಡಂಕಣದ ಮನೆ, ಹದಿನೆಂಟು ಗುಂಟೆ ಗದ್ದೆ, ಒಂದು ಹಸು, ಕೇಳುವ ಕಿವಿ ಒಂದು, ಮದುವೆಯಾದ ಹೆಣ್ಣುಮಕ್ಕಳು ಇಬ್ಬರು, ದಪ್ಪಕ್ಷರದ ಬೈಬಲು ಒಂದು, ಮತ್ತು ಊರಾಚೆ ಅವಳ ಪಕ್ಕದಲ್ಲಿ, ನಾಲ್ಕು ಕಲ್ಲು ನೆಟ್ಟು ಗುರುತು ಮಾಡಿಸಿದ ಆರಡಿ ನೆಲ.