ಲಗಮವ್ವನ ಮೂಗಿನ ತುದಿಯ ಸಿಟ್ಟು

ಉಗಾರ ಬುದ್ರುಕದ ಲಗಮವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನಮ್ಮ ಓಣಿಗೆಲ್ಲ ಗೊತ್ತು. ಹತ್ತು ಆಡು ಸಾಕಿಕೊಂಡು, ಗಂಡ ಭರಮುವನ್ನೂ ಅವುಗಳ ಜೊತೆಗೇ ಗದರಿಸಿಕೊಂಡು ಬಾಳುವ ಹೆಂಗಸು. ಹೋದ ವರ್ಷ ಆಕೆಯ ಬಲಗಣ್ಣು ಮುಂದಕ್ಕೆ ಉಬ್ಬತೊಡಗಿತು. ಸುಮ್ಮನೆ ನೋಡಿದರೂ ಗುರಾಯಿಸಿದಂತೆ ಕಾಣುತ್ತಿತ್ತು. ನಳದ ಪಾಳಿಯಲ್ಲಿ ಹೆಂಗಸರು ತಾವಾಗಿ ದಾರಿ ಬಿಟ್ಟರು. ಆಡಿನ ವ್ಯಾಪಾರಿ ರಾವಸಾಹೇಬ ಚೌಕಾಸಿಯನ್ನೇ ಮರೆತ. ಲಗಮವ್ವನಿಗೆ ಇದು ಹಿಡಿಸಿಬಿಟ್ಟಿತ್ತು! ದವಾಖಾನೆ ಎಂದರೆ ನನ್ನ ಮೇಲೆಯೇ ಹಾರಿಬೀಳುತ್ತಿದ್ದಳು. ನೆರೆಮನೆಯವಳಾದ ನಾನು ಎರಡು ದಿನ ಮಾತು ಬಿಟ್ಟೆ.

ಒಮ್ಮೆ ಎಡಗಣ್ಣಿಗೆ ಕಸ ಬಿದ್ದು ಮುಚ್ಚಿಕೊಂಡಾಗ, ಎದುರಿಗಿದ್ದ ಆಡು ಬಲಗಣ್ಣಿಗೆ ಬರೀ ಹೊಗೆಯಂತೆ ಕಂಡಿತು. ಆಗ ಹೆದರಿದಳು. ಮರುದಿನವೇ ಮೂವರೂ ಮೀರಜದ ರೈಲು ಹತ್ತಿದೆವು.

"ಕಣ್ಣಿನ ಹಿಂದ ಗಂಟ ಐತ್ರಿ," ಎಂದರು ಅಲ್ಲಿನ ದವಾಖಾನೆಯ ಡಾಕ್ಟರ್ ನೀಲಮ, ಸ್ಕ್ಯಾನ್ ನೋಡಿ. "ಕ್ಯಾನ್ಸರ್ ಅಲ್ಲ. ಆದ್ರ ನರಾ ಒತ್ತಾಕತ್ತೈತಿ, ಬಿಟ್ರ ಕಣ್ಣ ಹೋಗತೈತಿ. ಮೂಗಿನಾಗಿಂದ ದುರ್ಬೀನ ಹಾಕಿ ತಗೀತೀವಿ. ಮಾರಿ ಕೊಯ್ಯಂಗಿಲ್ಲ."

ಭರಮು ತನ್ನ ಮೂಗಿನ ತುದಿ ಮುಟ್ಟಿ ತೋರಿಸಿದ. "ಡಾಕ್ಟರ ಬಾಯಾರ, ಅಕಿ ಸಿಟ್ಟೂ ಅಲ್ಲೇ ಮೂಗಿನ ತುದಿಗೆ ಐತ್ರಿ. ಹೋಗೂ ದಾರ್ಯಾಗ ಸಿಕ್ರ ಅದನೂ ತಗೀತೀರೇನ್ರಿ?"

"ಅದು ನಮ್ಮ ಕೈಲೆ ಆಗಂಗಿಲ್ಲ ಕಾಕಾ," ಎಂದು ಡಾಕ್ಟರ್ ನಕ್ಕರು. ನಾನೂ ನಕ್ಕೆ. ಲಗಮವ್ವ ನಗಲಿಲ್ಲ, ಬೈಯಲೂ ಇಲ್ಲ.

ಆಪರೇಶನ್ ದಿನ ಬೆಳಿಗ್ಗೆ ಹಸಿರು ಅಂಗಿ ತೊಟ್ಟು ಮಲಗಿದವಳು ತುಟಿ ಬಿಚ್ಚಲಿಲ್ಲ. ಮೂವತ್ತು ವರ್ಷದಲ್ಲಿ ಭರಮು ಇಂಥ ಮೌನ ಕಂಡವನಲ್ಲ.

"ಒಂದ ಸರ್ತಿಯರ ಬೈಯಿ ಬೇ," ಎಂದು ಅಂಗಲಾಚಿದ. "ನಂಗ ಅಂಜಿಕಿ ಬರಾಕತ್ತೈತಿ."

ಅವಳು ಅವನ ಬೆರಳು ಹಿಡಿದುಕೊಂಡಳು, ಅಷ್ಟೇ.

ಮೂರು ತಾಸಿನ ಆಪರೇಶನ್ ಮುಗಿಯಿತು. ಮೂರನೆಯ ದಿನ, ರಕ್ತ ನಿಲ್ಲಲೆಂದು ಮೂಗಿನೊಳಗೆ ಇಟ್ಟಿದ್ದ ಬಟ್ಟೆ ತೆಗೆದರು. ಒಂದು ತಿಂಗಳು ಮೂಗು ಸೀಟುವಂತಿಲ್ಲ, ಚೀರುವಂತಿಲ್ಲ ಎಂದು ತಾಕೀತಾಯಿತು. ಆಮೇಲೆ ಡಾಕ್ಟರ್ ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಎದುರಿಗೆ ಮೂರು ಬೆರಳು ಎತ್ತಿ ಹಿಡಿದರು.

"ಎಷ್ಟ ಬೆರಳ ಅದಾವ್ರಿ?"

ಲಗಮವ್ವ ಬೆರಳುಗಳ ಕಡೆ ನೋಡುತ್ತಲೇ ಇರಲಿಲ್ಲ. ಬಲಗಣ್ಣು ಎತ್ತಲೋ ನೆಟ್ಟಿತ್ತು. ಡಾಕ್ಟರ್ ಮತ್ತೊಮ್ಮೆ ಕೇಳಿದರು.

"ಬೆರಳ ಆಮ್ಯಾಲ ಎಣಸ್ತೀನ್ರಿ," ಎಂದಳು ಲಗಮವ್ವ, ಮೆಲ್ಲಗೆ. "ನಿಮ್ಮ ಹಿಂದ ಬಾಗಲದಾಗ ನಮ್ಮ ಮನಿಯವ್ರು ಬಾಯಾಗ ಟಾವೆಲ್ ತುರುಕ್ಕೊಂಡ ಅಳಾಕತ್ತಾರ. ಮೊದಲ ಅವ್ರ ಕಣ್ಣ ಒರಸ್ರಿ."