ಬೀರುವಿನ ಹಸು, ಕೊಟ್ಟಿಗೆಯ ಹಸು

ನಿಮ್ಮ ತಾತನ ಬೀರುವಿನಲ್ಲಿ ಡಚ್ಚರ ಹಸುಗಳಿದ್ದವು. ನನ್ನ ಕೊಟ್ಟಿಗೆಯಲ್ಲೂ ಒಂದಿತ್ತು. ಬೀರುವಿನವು ಹಳೇ ಕಾಗದದ ಮೇಲೆ ಮಸಿಯಲ್ಲಿ ಬರೆದ ಚಿತ್ರಗಳು. ಹಾಲು ಕೊಡುತ್ತಿರಲಿಲ್ಲ, ಹಾಗಾಗಿ ಮರ್ಯಾದೆ ಹೆಚ್ಚು. ಕೊಟ್ಟಿಗೆಯದು ಕಪ್ಪು-ಬಿಳಿ ಸೀಮೆ ಹಸು. ಅದರ ತಳಿಯೂ ಮೂಲದಲ್ಲಿ ಡಚ್ಚರ ದೇಶದ್ದೇ ಎಂದು ಪಶು ಡಾಕ್ಟರು ಹೇಳಿದ್ದನ್ನು ತಾತನಿಗೆ ಹೇಳಿದೆ. "ಹೌದಾ" ಎಂದು ಕನ್ನಡಕ ಒರೆಸಿಕೊಂಡರು, ಅಷ್ಟೆ.

ತಾತ ಡ್ರಾಯಿಂಗ್ ಮೇಷ್ಟ್ರು. ನಿವೃತ್ತರಾದ ಮೇಲೆ ಹಳೇ ಚಿತ್ರ ಕೂಡಿಡುವ ಈ ಹುಚ್ಚು ಹಿಡಿಯಿತು. ದುರ್ಗದ ಪೇಟೆಯಲ್ಲಿ ಹಳೇ ಸಾಮಾನು ಮಾರುವ ಸಾಹೇಬರು "ಮೇಷ್ಟ್ರೇ, ಕೊಚ್ಚಿ ಕಡೆಯಿಂದ ಬಂದೈತೆ, ಡಚ್ಚರ ಕಾಲದ್ದು" ಎಂದು ಫೋನು ಮಾಡಿದರೆ ಸಾಕು, ಹಿರೇಗುಂಟನೂರಿನಿಂದ ಮೊದಲ ಬಸ್ಸಿಗೇ ಹೊರಡುತ್ತಿದ್ದರು. ತಂದ ಚಿತ್ರಕ್ಕೊಂದು ನಂಬರು ಕೊಟ್ಟು, ಉದ್ದ ಅಗಲ ಅಳೆದು, ಚಿತ್ರದ ಹಸುವಿನ ಕಿವಿಯ ಪಕ್ಕ ಹುಳು ತಿಂದ ತೂತನ್ನೂ ಬಿಡದೆ ಬರೆದಿಡುತ್ತಿದ್ದರು. ನಮ್ಮ ಹಸುವಿನ ಕಿವಿಯಲ್ಲೂ ಹಳದಿ ಬಿಲ್ಲೆಯ ನಂಬರಿತ್ತು. ಅದಕ್ಕೆ ದಿನ ತುಂಬಿದ್ದು ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ಮಧ್ಯಾಹ್ನ ಇಂಥ ಚಿತ್ರಗಳನ್ನು ಬಲ್ಲವರೊಬ್ಬರು ಬೆಂಗಳೂರಿನಿಂದ ಬಂದರು. ಮದುವೆ ಬ್ಯಾಂಡಿನವರ ಹಾಗೆ ಎರಡು ಕೈಗೂ ಬಿಳಿ ಗವಸು ತೊಟ್ಟು ನಡುಮನೆಯಲ್ಲಿ ಕುಳಿತರು. ಗವಸಿಲ್ಲದ ಕೈ ಚಿತ್ರ ಮುಟ್ಟಬಾರದೆಂಬುದು ತಾತನ ಕಟ್ಟಳೆ. ಕಾಗದದ ಹಿಂದಿನಿಂದ ಬೆಳಕು ಬಿಡಬೇಕೆಂದು ನನ್ನ ಫೋನನ್ನೂ ತಾತ ಎತ್ತಿಕೊಂಡು ಹೋದರು.

ನಾನು ಯಲ್ಲದಕೆರೆ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು. ಹೊರಗಿನವರ ಮುಂದೆ ಬಾಯಿ ಬಿಡುವುದನ್ನು ಅಲ್ಲಿ ಯಾರೂ ಕಲಿಸಲಿಲ್ಲ. ಮನೆಗೆ ಗಂಡಸರು ಬಂದಾಗ ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು ಲೋಟದಿಂದ ಚೌಕಟ್ಟಿಗೆ ಬಡಿಯುತ್ತಿದ್ದೆ. ಟೀ ಆಗಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಅರ್ಥ. ಮದುವೆಯಾದಾಗಿನಿಂದ ಅದೊಂದೇ ಅರ್ಥ.

ಅವತ್ತೇ ಹಸುವಿಗೆ ನೋವು ಶುರುವಾಯಿತು. ಕರುವಿನ ಮುಂಗಾಲುಗಳು ಹೊರಗೆ ಬಂದು ಅಲ್ಲೇ ನಿಂತವು. ಹಸು ಮುಕ್ಕಿ ಮುಕ್ಕಿ ಸೋತಿತು. ಕಾಲು ಹಿಡಿದು ಎಳೆದೆ, ಜಾರಿತು. ಅಕ್ಕಪಕ್ಕದವರೆಲ್ಲ ಈರುಳ್ಳಿ ಕೀಳಲು ಹೊಲಕ್ಕೆ ಹೋಗಿದ್ದರು. ಡಾಕ್ಟರಿಗೆ ಹೇಳೋಣವೆಂದರೆ ಫೋನು ಡಚ್ಚರಿಗೆ ದೀಪ ಹಿಡಿದಿತ್ತು. ಓಡಿ ಬಂದು ಲೋಟ ಬಡಿದೆ.

"ಈಗ ಬ್ಯಾಡ, ಆಮ್ಯಾಕೆ," ಎಂದರು ತಾತ ಒಳಗಿನಿಂದ.

ಇನ್ನೂ ಜೋರಾಗಿ ಬಡಿದೆ.

"ಲೇ, ಅವ್ರಿಗೆ ಸಕ್ರೆ ಕಮ್ಮಿ ಹಾಕು."

ಅತ್ತ ಅತಿಥಿಗಳು ಚಿತ್ರದಲ್ಲಿ ಮಲಗಿದ ಹಸುವಿನ ಮೇಲೆ ಬಿದ್ದಿರುವುದು ಬೆಳಗಿನ ಬೆಳಕೋ ಸಂಜೆಯದೋ ಎಂದು ವಿಚಾರ ಮಾಡುತ್ತಿದ್ದರು. ತಾತ ಸಂಜೆಯದೆಂದು ಹಟ ಹಿಡಿದಿದ್ದರು. ಕೊಟ್ಟಿಗೆಯಿಂದ ಹಸು ಒಮ್ಮೆ ಕೂಗಿತು. ಆ ಕೂಗಿಗೆ ನನ್ನ ಕಾಲು ತಾನಾಗಿ ನಡುಮನೆಗೆ ಹೋಯಿತು. ಕೈತುಂಬ ಲೋಳೆ, ತಲೆ ಮೇಲೆ ಸೆರಗಿಲ್ಲ.

"ಏನ್ರಿ, ಹಸು ಈಯ್ತಾ ಐತೆ. ಕರ ಸಿಕ್ಕಾಕ್ಕಂಡೈತೆ. ಏಳ್ರಿ!"

ತಾತ ಮೊದಲು ಮಾಡಿದ ಕೆಲಸವೇನು ಗೊತ್ತೇ? ಚಿತ್ರಕ್ಕೆ ಅಡ್ಡ ನಿಂತು, "ಕೈ ದೂರ ಇಟ್ಕಳೇ!" ಎಂದರು.

ಅತಿಥಿಗಳೇ ಎದ್ದರು. "ಅಮ್ಮಾ, ಎಲ್ಲಿ ತೋರ್ಸಿ" ಎಂದು ಗವಸಿನ ಕೈಯಲ್ಲೇ ನನ್ನ ಹಿಂದೆ ಬಂದರು. ಹಸು ಮುಕ್ಕಿದಾಗ ಎಳೆಯಿರಿ, ಬಿಟ್ಟಾಗ ಬಿಡಿ ಎಂದೆ. ಬಟ್ಟೆಯ ಗವಸಿಗೆ ಕಾಲು ಜಾರಲಿಲ್ಲ. ನಾವಿಬ್ಬರೂ ಎಳೆದೆವು. ತಾತ ಹಿಂದೆಯೇ ಬಂದು, ನಡುಬಿಸಿಲಲ್ಲೂ ಫೋನಿನ ಟಾರ್ಚು ಉರಿಸಿಕೊಂಡೇ ನಿಂತಿದ್ದರು. ಕರು ದೊಪ್ಪನೆ ಹುಲ್ಲಿನ ಮೇಲೆ ಬಿತ್ತು. ಮೂಗು ಒರೆಸಿದೆ. ಎರಡನೇ ಸಲ ಒರೆಸುವಾಗ ಸೀನಿತು. ಹೆಣ್ಣು ಕರು.

"ಮೇಷ್ಟ್ರೇ, ಇದಕ್ಕೂ ಒಂದು ನಂಬರ್ ಕೊಡಿ," ಎಂದು ಅತಿಥಿಗಳು ನೆಲದಲ್ಲೇ ಕುಳಿತು ನಕ್ಕರು.

ಕೈತೊಳೆದು ಒಳಗೆ ಹೋದ ಅತಿಥಿಗಳನ್ನು ಮತ್ತೆ ಚಿತ್ರ ಮುಟ್ಟಲು ತಾತ ಬಿಡಲಿಲ್ಲ. ಗವಸು ಹಾಳಾಗಿತ್ತಲ್ಲ! ಹೊಸ ಗವಸು ದುರ್ಗದಲ್ಲಿ ಸಿಗುತ್ತವೇನೋ ಎಂದು ಬೇರೆ ಹೇಳಿದರು. ಕರುವಿನ ಕಾಲು ಹಿಡಿದವರು ಕಾಗದದ ಕಾಲು ಹಿಡಿಯಲಾಗದೆ ಕೈಕಟ್ಟಿ ಕುಳಿತರು. ಸಂಜೆಗೆ ಗಿಣ್ಣು ಮಾಡಿದೆ, ಕೇಳಿ ಹಾಕಿಸಿಕೊಂಡು ತಿಂದರು. ಆಗ ಚಿತ್ರದ ಆ ಮಲಗಿದ ಹಸುವನ್ನು ನನಗೂ ತೋರಿಸಿ, "ಹೇಗಿದೆ ಅಮ್ಮಾ?" ಎಂದು ಕೇಳಿದರು. ಅದರ ಗೆರೆಗಳಲ್ಲಿ ಏನು ನೋಡಬೇಕೆಂದು ನನಗೆ ತಿಳಿಯಲಿಲ್ಲ. ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು, "ಚೆನ್ನಾಗೈತ್ರಿ. ಕೆಚ್ಚಲು ಸಣ್ಣದು," ಎಂದೆ. ತಾತ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಆಮೇಲೆ ಲೋಟ ಬಡಿದಾಗಲೆಲ್ಲ ತಾತ ಮನೆಗೆ ಬಂದವರನ್ನು ಬಿಟ್ಟು, ಪಂಚೆ ಎತ್ತಿಕೊಂಡು ಕೊಟ್ಟಿಗೆಗೆ ಓಡತೊಡಗಿದರು. ಅಲ್ಲಿ ಹಸು ಆರಾಮಾಗಿ ಮೆಲುಕು ಹಾಕುತ್ತಿರುತ್ತಿತ್ತು. ಇಲ್ಲಿ ಟೀ ಆರಿಹೋಗುತ್ತಿತ್ತು. ಕೊನೆಗೆ ಬೇಸತ್ತು, ಲೋಟ ಬಡಿಯುವುದನ್ನು ಬಿಟ್ಟು, ಟೀ ತಟ್ಟೆ ಹಿಡಿದು ನಾನೇ ನಡುಮನೆಗೆ ಹೋಗತೊಡಗಿದೆ.