ದೊಡ್ಡಪ್ಪನ ಎಡಗಡೆ

ನಮ್ಮ ದೊಡ್ಡಪ್ಪ ಪುಟ್ಟಸ್ವಾಮಿಯವರನ್ನು ಮಾತಾಡಿಸಬಹುದೋ ಬೇಡವೋ ಎಂದು ತಿಳಿಯಲು ಅವರ ಟವೆಲ್ ನೋಡಿದರೆ ಸಾಕಿತ್ತು. ಅದು ಹೆಗಲ ಮೇಲಿದ್ದರೆ ಮಾತಾಡಿಸಬಹುದು. ತಲೆಗೆ ಸುತ್ತಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹಣೆಯ ಮೇಲೆ ಗಂಟು ಹಾಕಿದ್ದರೆ ಆ ದಿನ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿಲ್ಲ. ದೊಡ್ಡಪ್ಪ ದನದ ಕೊಟ್ಟಿಗೆಯ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಇದಕ್ಕೆ ಮನೆಯಲ್ಲಿ ‘ದೊಡ್ಡಪ್ಪನ ಕೋಪ’ ಎಂದು ಹೆಸರು. ಯಾರ ಮೇಲೆ ಕೋಪ, ಯಾಕೆ ಕೋಪ ಎಂದು ಯಾರೂ ಕೇಳುತ್ತಿರಲಿಲ್ಲ. ಕೋಪಿಷ್ಠರ ಹತ್ತಿರ ಹೋಗಿ ಕಾರಣ ವಿಚಾರಿಸುವ ಪದ್ಧತಿ ನಮ್ಮ ವಂಶದಲ್ಲಿಲ್ಲ. ದೊಡ್ಡಮ್ಮ ಮಾತ್ರ ತಾನೇನು ಕಡಿಮೆ ಎಂದು ತಾನೂ ಮಾತು ಬಿಡುತ್ತಿದ್ದಳು. ದೊಡ್ಡಪ್ಪನ ಕೋಪ ಮಾರನೆಯ ದಿನ ಇಳಿಯುತ್ತಿತ್ತು. ದೊಡ್ಡಮ್ಮನದು ವಾರ ಹಿಡಿಯುತ್ತಿತ್ತು.

ತಿ. ನರಸೀಪುರದ ಪಕ್ಕದ ಹಳ್ಳಿಯಲ್ಲಿ ಅವರ ಮನೆ. ಬೆಳಿಗ್ಗೆ ಸಂಜೆ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವರ ಕೆಲಸ. ನೀರು ಬೆರೆಸಿ ತಂದವರನ್ನು ಅವರು ಒಮ್ಮೆಯೂ ಬೈದವರಲ್ಲ. ಮುಖದಲ್ಲಿ ಏನನ್ನೂ ತೋರಿಸದೆ, “ಗೌರಮ್ಮ, ನಿಮ್ಮೆಮ್ಮೆ ಇವತ್ತು ವಸಿ ಜಾಸ್ತಿ ನೀರು ಕುಡ್ದದೆ ಕಣವ್ವ,” ಎನ್ನುತ್ತಿದ್ದರು. ಗೌರಮ್ಮ ಮಾರನೆಯ ದಿನದಿಂದ ಎಮ್ಮೆಗೆ ಬುದ್ಧಿ ಹೇಳುತ್ತಿದ್ದಳು.

ನನಗೆ ತಲೆನೋವು ಶುರುವಾದದ್ದು ಒಂಬತ್ತನೇ ತರಗತಿಯಲ್ಲಿ. ಅಪ್ಪ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರಿಂದ ನಾವು ಅಲ್ಲಿದ್ದೆವು. ನಂಜನಗೂಡಿನಲ್ಲಿದ್ದುಕೊಂಡು ಕಾಯಿಲೆ ಬೀಳುವುದು ಒಂದು ರೀತಿಯ ಅವಮಾನ. ಎಲ್ಲೆಲ್ಲಿಂದಲೋ ಜನ ರೋಗ ವಾಸಿಯಾಗಲೆಂದು ಬಂದು ಕಪಿಲೆಯಲ್ಲಿ ಮುಳುಗಿ ನಂಜುಂಡೇಶ್ವರನಿಗೆ ಉರುಳುಸೇವೆ ಮಾಡಿ ಹೋಗುತ್ತಾರೆ. ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದ ನನಗೆ ತಲೆನೋವು. ಅಮ್ಮ ಇದನ್ನು ದೊಡ್ಡಪ್ಪನ ಹತ್ತಿರ ಹೇಳಿಕೊಂಡು ಅತ್ತಾಗ ಅವರು, “ನಂಜುಂಡಪ್ಪಂಗೆ ಹೊರಗ್ನೋರದ್ದೇ ರಶ್ಶು. ಊರೋರ ಸರದಿ ನಿಧಾನಕ್ಕೆ ಬತ್ತದೆ. ಅಲ್ಲೀಗಂಟ ಡಾಕ್ಟ್ರಿಗೆ ತೋರ್ಸುವ,” ಎಂದರು.

ತೋರಿಸಿದೆವು. ಮೊದಲು ಅಜ್ಜಿ ದೃಷ್ಟಿ ತೆಗೆದಳು. ಆಮೇಲೆ ಕನ್ನಡಕ ಬಂತು. ಕನ್ನಡಕದೊಳಗಿಂದಲೂ ತಲೆ ಅಷ್ಟೇ ನೋಯಿತು. ಇನ್ನೊಬ್ಬರು ಸೈನಸ್ ಎಂದು ಹಬೆ ತೆಗೆದುಕೊಳ್ಳಲು ಹೇಳಿದರು, ಮತ್ತೊಬ್ಬರು ಗ್ಯಾಸ್ ಎಂದು ಅವರೆಕಾಳು ತಿನ್ನುವುದನ್ನು ಬಿಡಿಸಿದರು. ಅವರೆಕಾಯಿಯ ಕಾಲದಲ್ಲಿ ಅವರೆಕಾಳು ಬಿಟ್ಟದ್ದು ತಲೆನೋವಿಗಿಂತ ದೊಡ್ಡ ಕಷ್ಟವಾಯಿತು.

ಎಲ್ಲ ಕಡೆಗೂ ಜೊತೆಗೆ ಬರುತ್ತಿದ್ದವರು ದೊಡ್ಡಪ್ಪ. ಅಪ್ಪನಿಗೆ ರಜೆ ಸಿಗುತ್ತಿರಲಿಲ್ಲ, ಅಮ್ಮನಿಗೆ ಡಾಕ್ಟರ ಎದುರು ಬಾಯಿ ಬರುತ್ತಿರಲಿಲ್ಲ. ನನಗೆ ಬಾಯಿ ಬರುತ್ತಿತ್ತು, ಆದರೆ ದೊಡ್ಡವರು ಮಾತಾಡುವಾಗ ಅದನ್ನು ತೆರೆಯಬಾರದೆಂದು ಕಲಿಸಿದ್ದರು. “ಎಲ್ಲಿ ನೋವು?” ಎಂದು ಡಾಕ್ಟರು ನನ್ನನ್ನು ಕೇಳಿದರೆ ದೊಡ್ಡಪ್ಪ ತಮ್ಮ ಹುಬ್ಬನ್ನು ಮುಟ್ಟಿ, “ಎಡಗಡೆ ಸಾ,” ಎನ್ನುತ್ತಿದ್ದರು. ಅಷ್ಟರಲ್ಲಿ ಚೀಟಿ ಬರೆದಾಗಿರುತ್ತಿತ್ತು. “ಮನೇಲಿ ಬೇರೆ ಯಾರಿಗಾದ್ರೂ ತಲೆನೋವಿದೆಯಾ?” ಎಂದು ಯಾರಾದರೂ ಕೇಳಿದರೆ, ಟವೆಲ್ಲಿನ ಗಂಟು ಸರಿಮಾಡಿಕೊಳ್ಳುತ್ತ, “ಯಾರ್ಗೂ ಇಲ್ಲ ಸಾ,” ಎನ್ನುತ್ತಿದ್ದರು.

ನನಗೆ ನೋವಿದ್ದದ್ದು ಬಲಗಡೆ.

ಕೊನೆಗೆ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದರು. ಏನೂ ಇಲ್ಲವೆಂದು ಬಂತು. ಅಮ್ಮ ಕೈ ಮುಗಿದಳು. ದೊಡ್ಡಪ್ಪ ಆ ದೊಡ್ಡ ಕವರನ್ನು ತಿರುಗಿಸಿ ಮುರುಗಿಸಿ ನೋಡಿ, “ಏನೂ ಇಲ್ಲ ಅನ್ನಕ್ಕೆ ಇಷ್ಟು ದೊಡ್ಡ ಮಿಷನ್ನು ಬೇಕಾಗಿತ್ತಾ. ಅದ್ನ ನಿಮ್ಮ ಲೆಕ್ಕದ ಮೇಷ್ಟ್ರು ಬಿಟ್ಟಿ ಯೋಳ್ತಾವ್ರಲ್ಲ,” ಎಂದರು.

ಗಣಿತದ ಮೇಷ್ಟರು ನಿಜಕ್ಕೂ ಹಾಗೇ ಹೇಳುತ್ತಿದ್ದರು. ಅವರ ಪಿರಿಯಡ್ಡು ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ನೇರ ನನ್ನ ಬೆಂಚಿಗೆ ಬೀಳುವ ಹೊತ್ತಿಗೆ. ಲೆಕ್ಕ ಕಂಡರೆ ಬರುವ ತಲೆನೋವೆಂದು ಅವರು ತರಗತಿಗೆಲ್ಲ ಪರಿಚಯಿಸಿದರು. ಸ್ಕ್ಯಾನ್ ಬಂದ ಮೇಲೆ ಅಪ್ಪನೂ ಅವರ ಪಕ್ಷ ಸೇರಿದರು. “ಇನ್ನು ಆಸ್ಪತ್ರೆ ಸಾಕು. ಇವಳಿಗೆ ಏನೂ ಇಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ನಾಟಕ ಬಿಟ್ಟು ಓದಲಿ,” ಎಂದು ತೀರ್ಪು ಕೊಟ್ಟರು. ನಾನು ವಾಂತಿ ಮಾಡಿಕೊಂಡು ಬಂದು ಬಾಯಿ ಒರೆಸಿಕೊಂಡು ಪುಸ್ತಕ ಹಿಡಿಯುತ್ತಿದ್ದೆ. ನೋವಿಗಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಬೇರೆಯೇ. ಎಲ್ಲರೂ ಸುಳ್ಳು ಎನ್ನುತ್ತಿದ್ದಾರೆಂದ ಮೇಲೆ ನಾನು ನಿಜವಾಗಿ ಸುಳ್ಳೇ ಹೇಳುತ್ತಿರಬಹುದೇನೋ ಎಂದು ನನಗೇ ಅನ್ನಿಸತೊಡಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ದೊಡ್ಡಪ್ಪ ಬಂದು ಬಾಗಿಲಲ್ಲಿ ನಿಂತರು. ಟವೆಲ್ ತಲೆಯ ಮೇಲಿತ್ತು. ಗಂಟು ಬಹಳ ಬಿಗಿಯಾಗಿತ್ತು. “ನರಸೀಪುರಕ್ಕೆ ಒಬ್ಬರು ಡಾಕ್ಟ್ರಮ್ಮ ವಾರಕ್ಕೊಂದು ಸಲ ಬತ್ತಾರಂತೆ. ಕೂಸ್ನ ಕರ್ಕಂಡೋಗಿ ಬತ್ತೀನಿ,” ಎಂದರು. ಅಣ್ಣನ ಮಾತಿಗೆ ಅಪ್ಪ ಎದುರಾಡುವವರಲ್ಲ. ಅದರಲ್ಲೂ ಟವೆಲ್ ಕಟ್ಟಿದ ದಿನ.

ಬಸ್ಸಿನಲ್ಲಿ ಬಿಸಿಲು ನನ್ನ ಕಡೆಗಿತ್ತು. ಅವರು ಎದ್ದು ಆ ಕಡೆ ಕೂತು, ನನ್ನನ್ನು ನೆರಳಿಗೆ ಕೂರಿಸಿದರು.

ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಾಕ್ಟರಮ್ಮ ಕೂರುತ್ತಿದ್ದರು. ಹೊರಗಿನ ಬೆಂಚಿನ ಎದುರಿಗೇ ಟ್ಯೂಬ್‌ಲೈಟು. ನಾವಿಬ್ಬರೂ ಅದಕ್ಕೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಕೂತೆವು. ಡಾಕ್ಟರಮ್ಮ ಯಾರನ್ನೋ ಕಳಿಸಲು ಬಾಗಿಲಿಗೆ ಬಂದವರು ನಮ್ಮನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದರಂತೆ.

ಒಳಗೆ ಅವರು ಕೇಳಿದ್ದು ಅದೇ ಪ್ರಶ್ನೆ. “ಎಲ್ಲಿ ನೋಯುತ್ತೆ ಮಗು?”

“ಎಡಗಡೆ ಮೇಡಂ,” ಎಂದರು ದೊಡ್ಡಪ್ಪ. ಇವರು ಚೀಟಿ ಬರೆಯಲಿಲ್ಲ, ಮುಂದೆ ಹೇಳಿ ಎಂಬಂತೆ ಪೆನ್ನು ಕೆಳಗಿಟ್ಟರು. ದೊಡ್ಡಪ್ಪನಿಗೆ ಅಂಥ ಅವಕಾಶ ಯಾವ ಆಸ್ಪತ್ರೆಯಲ್ಲೂ ಸಿಕ್ಕಿರಲಿಲ್ಲ. “ಮೊದ್ಲು ಕಣ್ಮುಂದೆ ಹೊಳೆ ನೀರ ಮ್ಯಾಲೆ ಬಿಸ್ಲು ಬಿದ್ದಂಗೆ ಮಿಣಮಿಣ ಅಂತದೆ. ವಸಿ ಹೊತ್ಗೆ ಹುಬ್ಬಿನ ಮ್ಯಾಲೆ ಯಾರೋ ಒನಕೇಲಿ ಕುಟ್ದಂಗೆ ಸುರುವಾಯ್ತದೆ. ಒಗ್ಗರಣೆ ವಾಸ್ನೆ ಬಂದ್ರೆ ವಾಂತಿ. ಯಾರಾರ ಮಾತಾಡಿದ್ರೆ ಅವರ ಕುತ್ಗೆ ಹಿಸುಕ್ಬೇಕು ಅನ್ನಿಸ್ತದೆ.”

ನಾನು ಬೆರಗಾಗಿ ಅವರನ್ನೇ ನೋಡಿದೆ. ಒಂದೇ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು. ಅದನ್ನೆಲ್ಲ ನಾನು ಯಾರಿಗೂ ಹೇಳಿರಲೇ ಇಲ್ಲ.

ಡಾಕ್ಟರಮ್ಮ ನನ್ನ ಕೈಯನ್ನು ನೋಡುತ್ತಿದ್ದರು. ಅದು ಬಲಗಡೆಯ ಹಣೆಯನ್ನು ಒತ್ತಿಕೊಂಡಿತ್ತು. “ಇವಳು ಬಲಗಡೆ ಹಿಡಿದುಕೊಂಡಿದ್ದಾಳೆ. ಎಡಗಡೆ ಯಾರಿಗೆ?” ಎಂದರು.

ದೊಡ್ಡಪ್ಪ ನನ್ನ ಕೈ ನೋಡಿದರು. ಆಮೇಲೆ ತಮ್ಮ ಟವೆಲ್ ಮುಟ್ಟಿ ನೋಡಿಕೊಂಡರು. “ನಂದು ತಲೆನೋವಲ್ಲ ಮೇಡಂ. ನಂದು ಗುಣ,” ಎಂದರು.

“ಗುಣ ಅಂದರೆ?”

“ಕೋಪದ ಗುಣ. ಎಲ್ರೂ ಅಂಗೇ ಅಂತಿದ್ರು. ನಾನೂ ಕೋಪ ಬಂದ್ರೆ ತಲೆ ನೋಯ್ತದೆ ಅನ್ಕಂಡಿದ್ದೆ. ಯಾರ ಮ್ಯಾಲೆ ಕೋಪ ಅಂತ ಗೊತ್ತಾಯ್ತಿರ್ಲಿಲ್ಲ ಅಷ್ಟೆ.”

ಡಾಕ್ಟರಮ್ಮ ನಗಲಿಲ್ಲ. ಎದ್ದು ಕಿಟಕಿಯ ಪರದೆ ಎಳೆದು ಬಂದು ಕೂತರು. ನನ್ನನ್ನು ಒಂದೊಂದೇ ಕೇಳಿ, ಪರೀಕ್ಷಿಸಿ, ಇದು ಮೈಗ್ರೇನ್, ಮನೆತನದಲ್ಲಿ ಇಳಿದು ಬರಬಹುದು ಎಂದರು. ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಆದರೆ ಇದೆ ಎಂದರು. ಪೂರ್ತಿ ಹೋಗುತ್ತದೆಂದು ಭರವಸೆ ಕೊಡಲಾರೆ, ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಶುರುವಾದ ಕೂಡಲೇ ಮಾತ್ರೆ, ಸಾಕಷ್ಟು ಹತೋಟಿಗೆ ಬರುತ್ತದೆ ಎಂದರು. ‘ಇದೆ’ ಎಂಬ ಆ ಮಾತು ಕೇಳಿ ನಾನು ಅತ್ತುಬಿಟ್ಟೆ. ನನಗೆ ರೋಗವಿದೆ ಎಂದು ತಿಳಿದು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ದೊಡ್ಡಪ್ಪನಿಗೂ ಚೀಟಿ ಬರೆಯಹೊರಟಾಗ ಅವರು, “ವಯಸ್ಸಾದಂಗೆ ಕಮ್ಮಿಯಾಯ್ತದಾ ಮೇಡಂ?” ಎಂದು ಕೇಳಿದರು. ಎಷ್ಟೋ ಜನಕ್ಕೆ ಆಗುತ್ತದೆ ಎಂದರು ಡಾಕ್ಟರಮ್ಮ. “ಅಂಗಾರೆ ಇಷ್ಟು ದಿನ ಕಾದೀವ್ನಿ, ಇನ್ನೊಂಚೂರು ಕಾಯ್ತೀನಿ ಬುಡಿ.” ಡಾಕ್ಟರಮ್ಮ ಚೀಟಿ ಬರೆದೇ ಕಳಿಸಿದರು.

ಅಲ್ಲಿಂದ ನೇರ ಅವರ ಮನೆಗೆ ಹೋದೆವು. ನಡೆದದ್ದನ್ನೆಲ್ಲ ನಾನೇ ದೊಡ್ಡಮ್ಮನಿಗೆ ಹೇಳಿದೆ. ಅವಳು ಒಲೆಯ ಮೇಲಿನ ಸಾರು ಇಳಿಸಿ, ಸೌಟನ್ನು ಸದ್ದಾಗದಂತೆ ಕೆಳಗಿಟ್ಟಳು. “ಅಂಗಾರೆ ನಾನು ಇಷ್ಟು ವರ್ಷ ಯಾತಕ್ಕೆ ಮಾತು ಬಿಡ್ತಿದ್ದೆ?” ಎಂದು ಕೇಳಿದಳು. ದೊಡ್ಡಪ್ಪ ಕೊಟ್ಟಿಗೆಗೆ ಹೋಗಿ ಮಲಗಿದರು. ಆ ದಿನ ಮೊದಲ ಸಲ ದೊಡ್ಡಮ್ಮ ತಣ್ಣೀರು ಬಟ್ಟೆ ಹಿಡಿದು ಅವರ ಹಿಂದೆ ಹೋದಳು.

ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಗಣಿತದಲ್ಲೂ. ಅಪ್ಪ ಆಮೇಲೆ ನಾಟಕವೆಂಬ ಮಾತು ಆಡಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ, ಮನೆಯಲ್ಲಿ ಟ್ಯೂಬ್‌ಲೈಟು ತೆಗೆಸಿ ಹಳದಿ ಬಲ್ಬು ಹಾಕಿಸಿದರು. ಡಾಕ್ಟರಮ್ಮ ಹೇಳಿದಂತೆ ದೊಡ್ಡಪ್ಪನ ನೋವು ವಯಸ್ಸಿನೊಂದಿಗೆ ಇಳಿಯಿತು. “ಈಗ ಕೋಪನೇ ಬರಲ್ಲ ಕಣ ಕೂಸು. ಡೈರೀಲಿ ಯಾರೂ ಮರ್ವಾದೆ ಕೊಡಲ್ಲ,” ಎಂದು ಬೇಸರಪಟ್ಟುಕೊಂಡರು.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ನೋಡಲು ಹೋದ ದಿನ ಬಸ್ಸಿನ ಬಿಸಿಲಿಗೆ ನನ್ನ ಕಣ್ಣ ಮುಂದೆ ಮಿಣಮಿಣ ಶುರುವಾಗಿತ್ತು. ಅಂಥ ಸ್ಥಿತಿಯಲ್ಲಿರುವವರ ಎದುರು ಅದನ್ನು ಹೇಳುವುದುಂಟೇ? ನಗುತ್ತಲೇ ಬಾಗಿಲಲ್ಲಿ ನಿಂತೆ. ಬಂದವರ ಗುರುತು ಹಿಡಿಯುವುದು ಕಷ್ಟವಾಗಿದೆಯೆಂದು ದೊಡ್ಡಮ್ಮ ಮೊದಲೇ ಹೇಳಿದ್ದಳು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

“ಕಿಟ್ಕಿ ಮುಚ್ಚಮ್ಮಿ,” ಎಂದರು ದೊಡ್ಡಮ್ಮನಿಗೆ. “ಕೂಸ್ಗೆ ಬಲಗಡೆ ಸುರುವಾಗದೆ.”

ಅವರು ತೀರಿಹೋದ ಮೇಲೆ, ಮಿಣಮಿಣ ಶುರುವಾದಾಗ ನನ್ನ ಕಿಟಕಿಯನ್ನು ನಾನೇ ಎದ್ದು ಮುಚ್ಚುತ್ತೇನೆ.